ಮಾವನವರ ಸಕ್ಕರೆಗೆ ಎರಡು ಸಮೀಕರಣ

ಊಟವಾದ ಮೇಲೆ ಮನುಷ್ಯನ ರಕ್ತದಲ್ಲಿ ಸಕ್ಕರೆ ಎಷ್ಟು ಏರುತ್ತದೆ, ಎಷ್ಟು ಹೊತ್ತಿಗೆ ಇಳಿಯುತ್ತದೆ ಎಂಬುದನ್ನು ಎರಡೇ ಸಮೀಕರಣಗಳಲ್ಲಿ ಹೇಳಿಬಿಡಬಹುದು. ಹೀಗೆಂದು ನಾನು ಹಾನಗಲ್ಲಿನ ಒಬ್ಬ ಡಾಕ್ಟರರ ಮುಂದೆ, ರೋಗಿಗಳು ಕೂಡುವ ಸ್ಟೂಲಿನ ಮೇಲೆ ಕುಳಿತು, ಪಾಠ ಹೇಳುವ ಧ್ವನಿಯಲ್ಲಿ ಹೇಳಿದ್ದೆ. ಇಸವಿ ಎಂಬತ್ತೊಂದೋ ಎಂಬತ್ತೆರಡೋ ಇರಬೇಕು. ನನ್ನ ಹೆಂಡತಿ ಗಿರಿಜಾ ಎಂಬತ್ತಮೂರು ಎನ್ನುತ್ತಾಳೆ. ನನ್ನ ನೆನಪನ್ನು ನಾನು ನಂಬುವುದಿಲ್ಲವಾದ್ದರಿಂದ ಅವಳಿಗೆ ಎದುರಾಡಲಾರೆ. ಅವಳ ನೆನಪನ್ನೂ ನಂಬುವುದಿಲ್ಲವಾದ್ದರಿಂದ ಒಪ್ಪಲೂ ಆರೆ.

ನಾನು ಆಗ ಹಾನಗಲ್ಲಿನ ಒಂದು ಕಾಲೇಜಿನಲ್ಲಿ ಗಣಿತ ಕಲಿಸುತ್ತಿದ್ದೆ. ಧಾರವಾಡದಲ್ಲಿ ಎಂ.ಎಸ್ಸಿ. ಮುಗಿಸಿ ಬಂದವನು. ವಿಶ್ವವಿದ್ಯಾಲಯ ನನಗೆ ಒಂದು ಪದವಿಯನ್ನೂ ಒಂದು ಸಂಶಯವನ್ನೂ ಕೊಟ್ಟು ಕಳಿಸಿತ್ತು. ಪದವಿಯನ್ನು ಗೋಡೆಗೆ ತೂಗುಹಾಕಿದ್ದೆ. ಸಂಶಯವನ್ನು ಕಂಡಕಂಡವರ ಮೇಲೆ ಪ್ರಯೋಗಿಸುತ್ತಿದ್ದೆ. ನಿನ್ನೆ ಮಧ್ಯಾಹ್ನ ಎಷ್ಟು ರೊಟ್ಟಿ ತಿಂದಿರಿ ಎಂದು ಕೇಳಿದರೆ ಯಾರೂ ಸರಿಯಾಗಿ ಹೇಳಲಾರರು. ಆದ್ದರಿಂದ ನೆನಪು ಎಂಬುದು ಅಳತೆಯ ಸಾಧನವೇ ಅಲ್ಲ, ಅಳೆದು ಬರೆದಿಟ್ಟದ್ದು ಮಾತ್ರ ಸತ್ಯ ಎಂದು ಸ್ಟಾಫ್ ರೂಮಿನಲ್ಲಿ ದಿನವೂ ಸಾರುತ್ತಿದ್ದೆ. ಸಹೋದ್ಯೋಗಿಗಳು ಚಹಾ ಕುಡಿದು ಎದ್ದುಹೋಗುತ್ತಿದ್ದರು. ಒಪ್ಪಿಕೊಂಡರೆಂದು ನಾನು ತಿಳಿಯುತ್ತಿದ್ದೆ.

ಡಾಕ್ಟರರ ಬಳಿ ಹೋದದ್ದು ನನಗಾಗಿ ಅಲ್ಲ, ಮಾವನವರಿಗಾಗಿ. ಮಾವ ಶಿವಬಸಪ್ಪನವರು ತಿಳವಳ್ಳಿಯವರು, ಭತ್ತ ಬೆಳೆಯುವವರು, ಅನ್ನವನ್ನು ಬಲ್ಲವರು. ಹೊಸ ಚಪ್ಪಲಿ ಕಚ್ಚಿ ಎಡಗಾಲಿನ ಕಿರುಬೆರಳಿಗೆ ಹುಣ್ಣಾಗಿತ್ತು. ಒಂದೂವರೆ ತಿಂಗಳಾದರೂ ಅದು ಮಾಯುವ ಲಕ್ಷಣ ಕಾಣಿಸಲಿಲ್ಲ. ಡಾಕ್ಟರು ರಕ್ತ ನೋಡಿ, ಮೂತ್ರ ನೋಡಿ, ಸಕ್ಕರೆ ಕಾಯಿಲೆ ಎಂದರು.

"ಸಕ್ರಿ ಇಳೀದ ಹುಣ್ಣು ಮಾಯೂದಿಲ್ರಿ ಗೌಡ್ರ. ದಿನಾ ಮುಂಜಾನಿ ಇನ್ಸುಲಿನ್ ಸೂಜಿ ತಗೋಬೇಕು. ಬೆರಳು ಉಳೀಬೇಕಂದ್ರ ಇವತ್ತಿಂದನ ಚಾಲೂ ಮಾಡೂಣು."

ಮಾವನವರ ಮುಖ ಇಳಿದುಹೋಯಿತು. ಹಾವು ಹಿಡಿದು ಬೇಲಿಯಾಚೆ ಒಗೆಯುವ ಮನುಷ್ಯ, ಸೂಜಿ ಎಂದರೆ ಮಾತ್ರ ಅಂಗೈ ಬೆವರುತ್ತಿತ್ತು. "ದಿನಾ ಅಂದ್ರ ಎಷ್ಟು ದಿನಾರಿ?" ಎಂದರು.

"ಇರೂತನಕ."

ಮಾವನವರು ನನ್ನ ಕಡೆ ನೋಡಿದರು. ಆ ನೋಟದಲ್ಲಿ, ಇಷ್ಟು ಓದಿದ ಅಳಿಯ ಒಬ್ಬ ಇದ್ದೂ ನನಗೆ ಈ ಗತಿಯೇ ಎಂಬ ಪ್ರಶ್ನೆಯಿತ್ತು. ಇರಲಿಲ್ಲವೇನೋ. ಇತ್ತೆಂದು ನನಗೆ ಅನ್ನಿಸಿತು. ಅನ್ನಿಸಿದ ಕೂಡಲೆ ಬಾಯಿ ತೆರೆದೆ. ಊಟವಾದ ಮೇಲೆ ಎಷ್ಟು ಹೊತ್ತಿಗೆ ಎಷ್ಟು ಏರುತ್ತದೆಂದು ಅಳೆದಿದ್ದೀರಾ, ಗೆರೆ ಎಳೆದಿದ್ದೀರಾ, ಎರಡು ಸಲ ನೋಡಿ ಜೀವಮಾನದ ಸೂಜಿ ಬರೆಯುವುದು ಯಾವ ವಿಜ್ಞಾನ ಎಂದು ಕೇಳಿದೆ. ಆಮೇಲೆ ಎರಡು ಸಮೀಕರಣಗಳ ವಿಷಯ ಹೇಳಿದೆ.

ಡಾಕ್ಟರು ಪೆನ್ನಿನ ಟೊಪ್ಪಿಗೆ ಹಾಕಿದರು. "ಸರ, ನೀವು ಲೆಕ್ಕಾ ಮಾಡ್ರಿ. ಬ್ಯಾಡ ಅನ್ನೂದಿಲ್ಲ. ಆದ್ರ ಸೂಜಿ ಹಾಕ್ಕೊಂತ ಮಾಡ್ರಿ."

"ಸೂಜಿ ಹಾಕಿದ್ರ ಸ್ವಾಭಾವಿಕ ಗೆರಿ ಸಿಗೂದಿಲ್ಲ" ಎಂದೆ. ಶುದ್ಧ ದತ್ತಾಂಶಕ್ಕಾಗಿ ಮಾವನ ಕಾಲನ್ನು ಪಣಕ್ಕಿಟ್ಟೆನೆಂದು ಆಗ ಹೊಳೆಯಲಿಲ್ಲ. ಮಾವನವರಿಗೆ ಹೊಳೆದದ್ದು ಸೂಜಿ ತಪ್ಪಿತೆಂಬುದು ಮಾತ್ರ. ಬಸ್‌ಸ್ಟ್ಯಾಂಡಿನತನಕ ಕುಂಟುತ್ತಲೇ ಆದರೂ ನನಗಿಂತ ಮುಂದೆ ನಡೆದರು.

ಬೇಸಿಗೆ ರಜೆ ಶುರುವಾಗಿತ್ತು. ಕಾಲೇಜಿನ ಪ್ರಯೋಗಾಲಯದಿಂದ ಗಾಜಿನ ನಳಿಕೆ, ಸ್ಪಿರಿಟ್ ದೀಪ, ಮೂತ್ರದಲ್ಲಿ ಸಕ್ಕರೆ ಇದೆಯೋ ಇಲ್ಲವೋ ನೋಡುವ ನೀಲಿ ದ್ರಾವಣದ ದೊಡ್ಡ ಸೀಸೆ, ಒಂದು ತಕ್ಕಡಿ ಇಷ್ಟನ್ನು ಕೇಳಿ ತೆಗೆದುಕೊಂಡು ಗಿರಿಜೆಯೊಡನೆ ತಿಳವಳ್ಳಿಗೆ ಹೊರಟೆ. ಅಳಿಯ ಮಾವನ ಮನೆಯಲ್ಲಿ ಎರಡು ತಿಂಗಳು ಕೂಡುವುದು ಒಳ್ಳೆಯದಲ್ಲವೆಂದು ಗಿರಿಜಾ ಹೇಳಿದಳು. "ನಾನು ಅಳಿಯ ಅಂತ ಹೊಂಟಿಲ್ಲ, ಸಂಶೋಧಕ ಅಂತ ಹೊಂಟೇನಿ" ಎಂದೆ.

"ಅವ್ವಗ ಅದು ತಿಳೀಬೇಕಲ್ರಿ" ಎಂದಳು.

ಆ ಮಾತನ್ನು ಬರೆದಿಟ್ಟುಕೊಳ್ಳಬೇಕಾಗಿತ್ತು. ಬರೆದುಕೊಳ್ಳಲಿಲ್ಲ.

ಮೊದಲ ದಿನ ಮಾವನವರನ್ನು ಪಡಸಾಲೆಯಲ್ಲಿ ಕೂಡಿಸಿ ಸಿದ್ಧಾಂತ ವಿವರಿಸಿದೆ. ರಕ್ತವೆಂದರೆ ಕೆರೆ. ಊಟವೆಂದರೆ ಕೆರೆಗೆ ಬರುವ ನೀರು. ಇನ್ಸುಲಿನ್ ಎಂದರೆ ತೂಬು ತೆಗೆಯುವ ಆಳು. ನೀರು ಏರಿದಷ್ಟೂ ಅವನು ತೂಬನ್ನು ಹೆಚ್ಚು ಎತ್ತುತ್ತಾನೆ, ಇಳಿದಷ್ಟೂ ಮುಚ್ಚುತ್ತಾನೆ. ಆದ್ದರಿಂದ ಮಟ್ಟ ಏರಿ, ಇಳಿದು, ತುಸು ತಗ್ಗಿ, ಮತ್ತೆ ತನ್ನ ಜಾಗಕ್ಕೆ ಬಂದು ನಿಲ್ಲುತ್ತದೆ. ಒಂದು ಸಮೀಕರಣ ಕೆರೆಗೆ, ಒಂದು ಆಳಿಗೆ.

ಮಾವನವರು ಎಲೆಯಡಿಕೆ ಜಗಿಯುವುದನ್ನು ನಿಲ್ಲಿಸಿ ಕೇಳಿದರು: "ತೂಬ ತಗಿಯಾಂವ ಮಕ್ಕೊಂಡಿದ್ರ ಹೆಂಗ ಅಳಿಯಾರ?"

ಸಕ್ಕರೆ ಕಾಯಿಲೆ ಎಂದರೆ ಅದೇ. ಇಡೀ ರೋಗವನ್ನು ಅವರು ಒಂದು ಮಾತಿನಲ್ಲಿ ಹೇಳಿ ಮುಗಿಸಿದ್ದರು. ಡಾಕ್ಟರು ಹೇಳಿದ್ದೂ ಅದನ್ನೇ: ಆಳು ಎದ್ದೇಳುವುದಿಲ್ಲ, ಬೇರೆ ಆಳನ್ನು ಕಳಿಸಬೇಕು. ನಾನು ಏನೆಂದೆ? "ಅದಕ್ಕ ಒಂದು ಸ್ಥಿರಾಂಕ ಇಟ್ಟೇನಿ ಮಾವಾರ" ಎಂದೆ.

"ಹಂಗಾರ ಚೊಲೊ ಆತು" ಎಂದು ಅವರು ಮತ್ತೆ ಜಗಿಯತೊಡಗಿದರು.

ಆ ಸ್ಥಿರಾಂಕವನ್ನು ಕಂಡುಹಿಡಿಯಲು ನನಗೆ ಎರಡು ಸಂಗತಿ ಬೇಕಿದ್ದವು. ಒಳಗೆ ಹೋಗುವ ಅನ್ನದ ತೂಕ, ಹೊರಗೆ ಬರುವ ಮೂತ್ರದ ಬಣ್ಣ. ಹಳ್ಳಿಯಲ್ಲಿ ದಿನಕ್ಕೆ ನಾಲ್ಕು ಸಲ ರಕ್ತ ನೋಡುವ ವ್ಯವಸ್ಥೆ ಎಲ್ಲಿಂದ ಬರಬೇಕು? ನೀಲಿ ದ್ರಾವಣಕ್ಕೆ ಎಂಟು ಹನಿ ಹಾಕಿ ಕಾಯಿಸಿದರೆ, ಸಕ್ಕರೆ ಇಲ್ಲದಿದ್ದರೆ ನೀಲಿಯಾಗಿಯೇ ಉಳಿಯುತ್ತದೆ. ಇದ್ದರೆ ಹಸಿರು, ಹಳದಿ, ಕಿತ್ತಳೆ ಆಗುತ್ತ ಕೊನೆಗೆ ಇಟ್ಟಿಗೆಯ ಕೆಂಪಾಗುತ್ತದೆ. ಬಣ್ಣಗಳಿಗೆ ಸೊನ್ನೆಯಿಂದ ನಾಲ್ಕರವರೆಗೆ ಅಂಕಿ ಕೊಟ್ಟೆ. ಮೂತ್ರದ ಬಣ್ಣದಿಂದ ರಕ್ತದ ಸಕ್ಕರೆಯನ್ನು ಇಷ್ಟು ಧೈರ್ಯವಾಗಿ ಹೇಳಲಾಗದೆಂದು ಎಲ್ಲೋ ಓದಿದ ನೆನಪಿತ್ತು. ನೆನಪನ್ನು ನಂಬಬಾರದೆಂಬ ನನ್ನ ನಿಯಮವನ್ನು ಅಲ್ಲಿ ಕಟ್ಟುನಿಟ್ಟಾಗಿ ಪಾಲಿಸಿದೆ.

ಅಡುಗೆಮನೆಯ ಬಾಗಿಲಲ್ಲಿ ತಕ್ಕಡಿ ಇಟ್ಟುಕೊಂಡು ಕುಳಿತಾಗ ಅತ್ತೆಯವರ ಮುಖ ಸಪ್ಪಗಾಯಿತು. ನನ್ನೊಡನೆ ಅವರು ನೇರವಾಗಿ ಮಾತಾಡುವುದು ಕಡಿಮೆ. ಸೆರಗು ಎಳೆದುಕೊಂಡು ಮಗಳಿಗೆ ಹೇಳಿದರು. "ಗಿರಿಜಾ, ಉಣ್ಣೂ ಅನ್ನಾ ತೂಗ್ತಾರನ? ಮನಿ ಯಜಮಾನನ ತಾಟ ತೂಗಿದ್ರ ಮಂದಿ ಏನಂತಾರ?"

"ಮಂದೀನ ಯಾರು ಕರದಾರ ಅವ್ವ? ಬಾಗಲಾ ಹಾಕು" ಎಂದಳು ಗಿರಿಜಾ.

ಆಮೇಲೆ ಸೀಸೆಗಳ ವಿಷಯ ಹೇಳಿದೆ. ಊಟಕ್ಕೆ ಮೊದಲೊಂದು, ಆಮೇಲೆ ಗಂಟೆಗೊಂದರಂತೆ ಮೂರು. ಚೀಟಿ ಅಂಟಿಸಿ ಹಿತ್ತಲ ಬಾಗಿಲ ಬಳಿ ಸಾಲಾಗಿ ಇಟ್ಟಿದ್ದೆ. ಮಾವನವರು ತುಂಬಿಸಿ ಅಲ್ಲಿಟ್ಟರೆ ಅತ್ತೆಯವರು ಪಡಸಾಲೆಗೆ ತಂದುಕೊಡುವುದೆಂದು ಏರ್ಪಾಟಾಯಿತು. ಕಟ್ಟೆಯ ಮೇಲೆ ದೀಪ ಹಚ್ಚಿ ಕುಳಿತೆ. ಅತ್ತೆಯವರು ಬಾಗಿಲ ಮರೆಯಲ್ಲಿ ನಿಂತು ನಾನು ಏನು ಮಾಡುತ್ತೇನೆಂದು ನೋಡಿದರು. ನಳಿಕೆಯಲ್ಲಿ ಅದು ಕುದಿಯತೊಡಗಿದಾಗ "ಶಿವ ಶಿವ" ಎಂದು ಒಳಗೆ ಹೋದರು. ವಿಜ್ಞಾನವನ್ನು ಮೊದಲ ಸಲ ಕಂಡವರಿಗೆ ಹಾಗಾಗುವುದು ಸಹಜವೆಂದು ಟಿಪ್ಪಣಿ ಬರೆದೆ.

ಮೊದಲ ದಿನದ ನಾಲ್ಕೂ ನಳಿಕೆಗಳು ಕಡುಗೆಂಪಾದವು. ಮರುದಿನದಿಂದ ನಾಲ್ಕೂ ನೀಲಿ.

ಆ ಒಂದು ದಿನದಲ್ಲಿ ಏನಾಯಿತೆಂದು ಯಾವ ಮೂರ್ಖನಾದರೂ ಕೇಳುತ್ತಿದ್ದ. ನಾನು ಎಂ.ಎಸ್ಸಿ. ಓದಿದ್ದೆ. ಅನ್ನವನ್ನು ತೂಗಿ ಉಣಿಸಿದ್ದರಿಂದ ಆಳು ಎಚ್ಚರಗೊಂಡನೆಂದು ತೀರ್ಮಾನಿಸಿದೆ. ಮೂರನೆಯ ದಿನ ನೀಲಿ, ನಾಲ್ಕನೆಯ ದಿನ ನೀಲಿ. ಅನ್ನ ಹೆಚ್ಚಿಸಿದೆ, ನೀಲಿ. ಬೆಳಿಗ್ಗೆಯಿಂದ ಸಂಜೆಯವರೆಗೆ ನನ್ನ ಗೆರೆ ಕೆರೆಯ ನೀರಿನಷ್ಟೇ ಮಟ್ಟಸವಾಗಿತ್ತು. ಸೀಸೆಯಿಂದ ಘಾಟು ವಾಸನೆ ಬರುತ್ತಿತ್ತು. ಸಕ್ಕರೆ ರೋಗಿಗಳ ಮೂತ್ರಕ್ಕೆ ವಿಶೇಷ ವಾಸನೆ ಇರುತ್ತದೆಂದು ಸಮಾಧಾನ ಹೇಳಿಕೊಂಡೆ. ಹೊಸ ಸ್ಥಿರಾಂಕದ ಪ್ರಕಾರ ನನ್ನ ಮಾವ ತಿಳವಳ್ಳಿಯಲ್ಲೇ ಅತ್ಯಂತ ಆರೋಗ್ಯವಂತ ಮನುಷ್ಯ.

ಅದೇ ವಾರ ಅತ್ತೆಯವರು ನೇರವಾಗಿ ನನ್ನೊಡನೆ ಮಾತಾಡಿದರು. "ಅಳಿಯಾರ, ಇವ್ರು ರಾತ್ರಿ ನಾಕು ಚರಿಗಿ ನೀರು ಕುಡೀತಾರ. ಐದು ಸಲ ಹೊರಗ ಹೋಗ್ತಾರ. ಮೊದ್ಲು ಹಿಂಗಿರಲಿಲ್ಲ."

"ನಾಕೋ ಮೂರೋ, ಬರದಿಟ್ಟೀರೇನ್ರಿ?"

"ನನಗ ಬರ್ಯಾಕ ಎಲ್ಲಿ ಬರ್ತೈತ್ರಿ? ನೆನಪೈತಿ."

"ನೆನಪಿನ ಲೆಕ್ಕ ನಡಿಯೂದಿಲ್ರಿ ಅತ್ತ್ಯಾರ" ಎಂದು ನಗುತ್ತ ಹೇಳಿದೆ. ಅಜ್ಞಾನಿಗಳಿಗೆ ತಿಳಿಹೇಳುವಾಗ ನಗಬೇಕೆಂದು ನನ್ನ ಅಭಿಪ್ರಾಯವಾಗಿತ್ತು.

ಮೂರನೆಯ ವಾರ ಮನೆಯ ಆಕಳು ಕರು ಹಾಕಿತು. ಗಿಣ್ಣದ ಹಾಲಿಗೆ ಬೆಲ್ಲ, ಏಲಕ್ಕಿ ಹಾಕಿ ಬೇಯಿಸಿದರು. ಮಾವನವರು ಒಂದು ಬಟ್ಟಲು ತಿಂದರು. ತೂಗಿಯೇ ಕೊಟ್ಟಿದ್ದೆ. ಮರುದಿನ ನಳಿಕೆ ಹಸಿರಾಯಿತು.

ನನಗಾದ ಸಂತೋಷವನ್ನು ಹೇಳಲಾರೆ. ಬೆಲ್ಲ ಒಳಗೆ, ಹಸಿರು ಹೊರಗೆ! ಪ್ರಕೃತಿ ನನ್ನ ಸಮೀಕರಣವನ್ನು ಓದಿಕೊಂಡು ನಡೆಯುತ್ತಿತ್ತು. ಗಿಣ್ಣ ನಿಲ್ಲಿಸಿದೆ. ಆದರೂ ಒಂದು ವಾರ ಹಸಿರು ಹೋಗಲಿಲ್ಲ. ಮಾವಿನಹಣ್ಣಿನ ಕಾಲ. ಮಾವನವರು ತಿನ್ನುತ್ತಿದ್ದ ಒಂದೇ ಹೋಳನ್ನೂ ಕಸಿದುಕೊಂಡೆ. ಆಗಲೂ ಹಸಿರು. ಆಗ ಸಮೀಕರಣಕ್ಕೆ ವಿಳಂಬದ ಪದವೊಂದನ್ನು ಸೇರಿಸಿದೆ: ಗಿಣ್ಣದ ಸಕ್ಕರೆ ದೇಹದಲ್ಲಿ ಅಡಗಿ ಕುಳಿತು ತಡವಾಗಿ ಹೊರಬರುತ್ತದೆ. ಹತ್ತು ದಿನಕ್ಕೆ ಮತ್ತೆ ನೀಲಿ ಬಂತು. ಲೆಕ್ಕಕ್ಕೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಈ ವಿಳಂಬದ ಪದದ ಬಗ್ಗೆ ಧಾರವಾಡದ ನನ್ನ ಹಳೆಯ ಪ್ರಾಧ್ಯಾಪಕರಿಗೆ ಎಂಟು ಪುಟದ ಕಾಗದ ಬರೆದು ಅಂಚೆಗೆ ಹಾಕಿದೆ. ಅವರ ಉತ್ತರ ಬರಲಿಲ್ಲ. ಬಂದಿತ್ತೆಂದೂ ನಾನೇ ಹರಿದೆನೆಂದೂ ಗಿರಿಜಾ ಹೇಳುತ್ತಾಳೆ. ಅದು ಸಾಧ್ಯ.

ಹುಣ್ಣಿನ ವಿಷಯ? ಅದು ನನ್ನ ಸಮೀಕರಣದಲ್ಲಿ ಇರಲಿಲ್ಲ. ಬೆರಳು ಬಣ್ಣಗೆಡುತ್ತಿದೆ ಎಂದು ಗಿರಿಜಾ ಎರಡು ಸಲ ಹೇಳಿದಳು. "ಹುಣ್ಣು ಚರ್ಮದ ಸಮಸ್ಯೆ, ಸಕ್ರಿ ಅಂತೂ ಸೊನ್ನಿ ಐತಿ" ಎಂದೆ. ಅವಳು ಗ್ರಾಫ್ ಪುಸ್ತಕವನ್ನು ನೋಡಿದಳು, ತಂದೆಯ ಕಾಲನ್ನು ನೋಡಿದಳು, ಎದ್ದುಹೋದಳು. ಸ್ಟಾಫ್ ರೂಮಿನವರ ಹಾಗೆ ಇವಳೂ ಒಪ್ಪಿಕೊಂಡಳೆಂದು ತಿಳಿದೆ.

ಮೇ ತಿಂಗಳ ಕೊನೆಗೆ ಹಂಸಭಾವಿಯಲ್ಲಿ ಮಾವನವರ ತಂಗಿಯ ಮಗಳ ಕುಬಸ. ಏಳು ತಿಂಗಳ ಬಸುರಿಗೆ ಹಸಿರು ಸೀರೆ, ಬಳೆ ಇಟ್ಟು ಉಡಿ ತುಂಬಿ, ಬಂದವರಿಗೆಲ್ಲ ಹೋಳಿಗೆಯ ಊಟ. ಜೊತೆಗೆ ತುಪ್ಪ, ಮಾವಿನಹಣ್ಣಿನ ಸೀಕರಣಿ. ಮಾವನವರು ಪಂಕ್ತಿಯಲ್ಲಿ ಕುಳಿತು ಬರಿಯ ರೊಟ್ಟಿ, ಪಲ್ಯ ಬಡಿಸಿಕೊಂಡರು. ತಂಗಿ ಹೋಳಿಗೆಯ ಬುಟ್ಟಿ ಹಿಡಿದು ಅಣ್ಣನ ಎದುರು ನಿಂತಳು. "ಒಂದ ತುತ್ತು ತಿನ್ನಣ್ಣ. ಇಲ್ಲಂದ್ರ ನಾ ಹೆಂಗ ಮುಂದ ಹೋಗ್ಲಿ?"

ಮಾವನವರು ತಾಟಿನ ಮೇಲೆ ಕೈ ಅಡ್ಡ ಹಿಡಿದರು. ಆಮೇಲೆ ತಲೆಯೆತ್ತಿ ನನ್ನನ್ನು ಹುಡುಕಿದರು.

ಇಂಥ ಗಳಿಗೆಗಾಗಿ ವಿಜ್ಞಾನಿ ಜೀವಮಾನವಿಡೀ ಕಾಯುತ್ತಾನೆ. ನಾನು ಎದ್ದು ನಿಂತೆ. ಜೇಬಿನಿಂದ ಚೀಟಿ ತೆಗೆದೆ. ಮೂರು ಹೋಳಿಗೆ, ಒಂದು ಬಟ್ಟಲು ಸೀಕರಣಿ, ಎರಡೂವರೆ ಗಂಟೆಯಲ್ಲಿ ಸಕ್ಕರೆ ಮೊದಲಿನ ಮಟ್ಟಕ್ಕೆ ಎಂದು ಇಡೀ ಪಂಕ್ತಿಗೆ ಕೇಳುವಂತೆ ಸಾರಿದೆ. ಊಟ ಮಾಡುತ್ತಿದ್ದವರು ಬಾಯಲ್ಲಿ ತುತ್ತಿಟ್ಟುಕೊಂಡೇ ನನ್ನನ್ನು ನೋಡಿದರು.

"ತಿನ್ರಿ ಮಾವಾರ. ಲೆಕ್ಕ ಐತಿ" ಎಂದೆ.

ಕಾಯಿಲೆ ಗೊತ್ತಾದ ಮೇಲೆ ಅವರು ಹೋಳಿಗೆ ತಿಂದದ್ದು ಅದೇ ಮೊದಲು. ಮೊದಲ ತುತ್ತಿಗೆ ಕಣ್ಣು ಮುಚ್ಚಿಕೊಂಡರು. ಮೂರು ತಿಂದರೆಂದು ನನ್ನ ಪುಸ್ತಕದಲ್ಲಿದೆ. ನಾಲ್ಕನೆಯದನ್ನು ನಾನೇ ನನ್ನ ಕೈಯಾರೆ ಬಡಿಸಿದೆನೆಂದು ಗಿರಿಜಾ ಹೇಳುತ್ತಾಳೆ. ಪುಸ್ತಕದಲ್ಲಿ ಅದಿಲ್ಲ. ಆದರೆ ಅವರ ತಾಟಿನತ್ತ ಬಾಗಿದಾಗ ನನ್ನ ತೋಳಿಗೆ ತುಪ್ಪ ಹತ್ತಿದ್ದು ಮಾತ್ರ ಯಾಕೋ ನೆನಪಿದೆ.

ಅದಾದ ನಾಲ್ಕನೆಯ ದಿನ ಮಾವನವರಿಗೆ ಜ್ವರ ಬಂತು. ಪಾದ ಊದಿ, ಕಿರುಬೆರಳು ಕಪ್ಪಾಯಿತು. ಮೊದಲ ಬಸ್ಸಿಗೆ ನಾಲ್ವರೂ ಹಾನಗಲ್ಲಿಗೆ ಬಂದೆವು. ನಾನು ಗ್ರಾಫ್ ಪುಸ್ತಕ, ನೀಲಿ ದ್ರಾವಣ ಎರಡನ್ನೂ ಮರೆಯದೆ ತಂದಿದ್ದೆ. ಮಾವನವರ ಇನ್ನೊಂದು ಚಪ್ಪಲಿಯನ್ನು ಮರೆತಿದ್ದೆ.

ಡಾಕ್ಟರು ಪಾದ ನೋಡಿದರು. ಬೈಯಲಿಲ್ಲ. ಬೈದಿದ್ದರೆ ವಾದಿಸಬಹುದಿತ್ತು. ಕಂಪೌಂಡರನಿಗೆ ಮೂತ್ರ ಪರೀಕ್ಷೆ ಮಾಡಲು ಹೇಳಿದರು. ನಳಿಕೆ ಇಟ್ಟಿಗೆಯ ಕೆಂಪಾಯಿತು.

"ನಿಮ್ಮ ದ್ರಾವಣ ಕೆಟ್ಟಿರಬೇಕು" ಎಂದೆ. "ನನ್ನದ್ರಾಗ ಮಾಡ್ರಿ."

ನನ್ನ ದ್ರಾವಣದಲ್ಲಿ ಮಾಡಿದರು. ಕೆಂಪು ಇನ್ನೂ ಗಾಢವಾಗಿ ಬಂತು.

ಡಾಕ್ಟರು ನನ್ನ ಪುಸ್ತಕವನ್ನು ಹಾಳೆ ಹಾಳೆಯಾಗಿ ತಿರುವಿದರು. ನೀಲಿ, ನೀಲಿ, ನೀಲಿ, ಹತ್ತು ದಿನ ಹಸಿರು, ಮತ್ತೆ ನೀಲಿ. ಆಮೇಲೆ ಬಹಳ ಮೆತ್ತಗೆ ಕೇಳಿದರು. "ಸರ, ಇಷ್ಟು ದಿವಸ ನೀವು ನೋಡಿದ್ದು ಯಾರ ಮೂತ್ರ?"

"ಮಾವನವರದ."

ಬಾಗಿಲ ಬಳಿ ನೆಲದ ಮೇಲೆ ಕುಳಿತಿದ್ದ ಅತ್ತೆಯವರು ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದರು. ಅದನ್ನು ತುಸು ಸರಿಸಿ ಹೇಳಿದರು. "ಅಲ್ರಿ. ಆಕಳದು."

ಕಂಪೌಂಡರ ದೀಪ ಆರಿಸಿದ.

"ಅವ್ವ, ಏನು ಮಾಡಿದಿ?" ಎಂದಳು ಗಿರಿಜಾ.

"ಏನು ಮಾಡ್ಲೆವ್ವ? ಮಗಳ್ನ ಕೊಟ್ಟ ಅಳಿಯ ಮಾವನ ಉಚ್ಚಿ ದೀಪದ ಮ್ಯಾಲೆ ಕುದಸೂದಾ? ಓಣಿ ಮಂದಿ ನೋಡ್ತಾರ. ಪಾಪ ಯಾರಿಗೆ ಹತ್ತತೈತಿ? ಮೊದಲ ದಿನ ಕೊಟ್ಟು ನನಗ ನಿದ್ದಿ ಬರಲಿಲ್ಲ. ಆಕಳ ಗಂಜಳ ಆದ್ರ ಮಡಿ ಇರತೈತಿ, ಮುಟ್ಟಿದ್ರ ನಡೀತೈತಿ. ಮುಂಜಾನಿ ಒಮ್ಮೆ ಹಿಡಿದಿಟ್ಟು, ಅಳಿಯಾರು ಕೇಳಿದಾಗೆಲ್ಲಾ ಸೀಸ್ಯಾಗ ಹಾಕಿ ಕೊಡತಿದ್ನಿ. ಇವ್ರದು ಚೆಲ್ಲತಿದ್ನಿ."

"ನನಗಾರ ಹೇಳಬಾರದ?" ಎಂದರು ಮಾವನವರು ಜ್ವರದಲ್ಲಿಯೇ.

"ಅನ್ನಾ ತೂಗಿ ಲೆಕ್ಕಾ ಹೇಳ್ತಾರಂತ ತಿಳದಿದ್ನಿ. ಸೀಸೆ ಏನೋ ಅವ್ರ ಸಾಲ್ಯಾಗಿನ ಪದ್ಧತಿ ಅಂದ್ಕೊಂಡ್ನಿ. ಅದರ ಮ್ಯಾಲೆ ಹೋಳಿಗಿ ಕೊಡಸ್ತಾರಂತ ನನಗೇನು ಗೊತ್ತು?"

ನಾಲ್ಕು ವಾರಗಳ ಮಟ್ಟಸ ಗೆರೆ ಒಂದೇ ತಂಬಿಗೆಯಿಂದ ಸುರಿದದ್ದು. ನಾನು ಅದರಲ್ಲಿ ಗಂಟೆ ಗಂಟೆಗೂ ಸಕ್ಕರೆಯ ನಿಯಂತ್ರಣ ಕಂಡಿದ್ದೆ.

ಡಾಕ್ಟರು ಪುಸ್ತಕ ಮುಚ್ಚಿ ನನ್ನ ಕೈಗೆ ಕೊಟ್ಟರು. "ಹಸರ ಬಂದದ್ದು ಗಿಣ್ಣದಿಂದಲ್ಲ ಸರ. ಹೊಸದಾಗಿ ಈದ ಆಕಳಿಗೆ ಹಾಲಿನ ಸಕ್ರಿ ಒಂದೊಂದ ಸಲ ಮೂತ್ರದಾಗ ಇಳೀತೈತಿ. ಅದೂ ಈ ದ್ರಾವಣಕ್ಕ ಬಣ್ಣಾ ಕೊಡತೈತಿ. ನಿಮ್ಮ ಲೆಕ್ಕ ಭಾಳ ಚೊಲೊ ಐತಿ. ಆಕಳಿಗೆ ಏನೂ ತ್ರಾಸಿಲ್ಲ. ಅದಕ್ಕ ಹೋಳಿಗಿ ಕೊಡಬಹುದು."

ಆಮೇಲೆ ಅವರು ನನ್ನನ್ನು ಬಿಟ್ಟು ಅತ್ತೆಯವರ ಕಡೆ ಕುರ್ಚಿ ತಿರುಗಿಸಿಕೊಂಡು ಕೇಳಿದರು. ರಾತ್ರಿ ಎಷ್ಟು ನೀರು ಕುಡಿಯುತ್ತಾರೆ, ಎಂದಿನಿಂದ, ಎಷ್ಟು ಸಲ ಏಳುತ್ತಾರೆ, ಹಂಸಭಾವಿಯಿಂದ ಬಂದ ಮೇಲೆ ಹೆಚ್ಚಾಯಿತೇ. ಅತ್ತೆಯವರು ಒಂದೊಂದಕ್ಕೂ ದಿನ, ವಾರ ಸಹಿತ ಉತ್ತರ ಕೊಟ್ಟರು. ಒಂದಕ್ಷರ ಬರೆಯಲು ಬಾರದ ಆ ಹೆಂಗಸಿನ ತಲೆಯಲ್ಲಿ ಎರಡು ತಿಂಗಳ ಲೆಕ್ಕವೆಲ್ಲ ಇತ್ತು. ಡಾಕ್ಟರು ಬರೆದುಕೊಳ್ಳುತ್ತ ಹೋದರು. ನನ್ನ ನೂರು ಪುಟದ ಪುಸ್ತಕದಿಂದ ಒಂದು ಅಂಕಿಯನ್ನೂ ತೆಗೆದುಕೊಳ್ಳಲಿಲ್ಲ.

ಅಂದೇ ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಗೆ ಹೋದೆವು. ಕಿರುಬೆರಳನ್ನು ತೆಗೆದರು. ಇನ್ನೆರಡು ದಿನ ತಡವಾಗಿದ್ದರೆ ಪಾದವೇ ಹೋಗುತ್ತಿತ್ತು ಎಂದರು. ಎಚ್ಚರವಾದ ಮೇಲೆ ಮಾವನವರು ಪಟ್ಟಿ ಕಟ್ಟಿದ ಕಾಲನ್ನು ನೋಡಿ, ಆಮೇಲೆ ನನ್ನನ್ನು ನೋಡಿದರು. ಏನಾದರೂ ಅನ್ನಲಿ, ಅನ್ನಿಸಿಕೊಂಡು ಹಗುರಾಗುತ್ತೇನೆ ಎಂದು ಕಾದೆ.

"ಹತ್ತರಾಗ ಒಂದು ಹೋತು ಅಳಿಯಾರ. ಒಂಬತ್ತು ಉಳದಾವ. ಲೆಕ್ಕಾ ಬರೋಬ್ಬರಿ ಐತಲ್ಲ?"

ಬರೋಬ್ಬರಿ ಇತ್ತು. ನಾನು ಎಣಿಸಿದ್ದರಲ್ಲಿ ಸರಿಯಾಗಿದ್ದದ್ದು ಅದೊಂದೇ.

ಅಂದಿನಿಂದ ಅವರು ದಿನವೂ ಇನ್ಸುಲಿನ್ ತೆಗೆದುಕೊಳ್ಳತೊಡಗಿದರು. ಮೊದಲ ಸೂಜಿಗೆ ಕಣ್ಣು ಮುಚ್ಚಿಕೊಂಡರು, ಎರಡನೆಯದಕ್ಕೆ ಒಂದು ಕಣ್ಣು ತೆರೆದರು, ವಾರದೊಳಗೆ ಚುಚ್ಚುವಾಗಲೇ ಆಳಿಗೆ ಹೊಲದ ಕೆಲಸ ಹೇಳತೊಡಗಿದರು. ಇಷ್ಟೇ ನೋವೆಂದು ಗೊತ್ತಿದ್ದರೆ ಬೆರಳಿರುವಾಗಲೇ ಚುಚ್ಚಿಸಿಕೊಳ್ಳುತ್ತಿದ್ದೆ ಎಂದು ಅವರು ಒಮ್ಮೆಯೂ ಅನ್ನಲಿಲ್ಲ. ಅಂದಿದ್ದರೂ ನಾನು ಮರೆತಿರಬಹುದು.

ಸೂಜಿ ಹಾಕುತ್ತಿದ್ದವರು ಅತ್ತೆಯವರು. ಸಿರಿಂಜಿನ ಗೆರೆ ಎಣಿಸುವುದನ್ನು ಎರಡು ದಿನದಲ್ಲಿ ಕಲಿತರು. ಗಾಜಿನ ಸಿರಿಂಜನ್ನು ನೀರಿನಲ್ಲಿ ಕುದಿಸಿ ಕೊಡುವ ಕೆಲಸವನ್ನು ನಾನಾಗಿಯೇ ಕೇಳಿ ಪಡೆದೆ. ಮೊದಲ ದಿನ ಒಲೆಯ ಮುಂದೆ ಕುಳಿತು, ನೀರು ಕುದಿಯತೊಡಗಿ ಎಷ್ಟು ಹೊತ್ತಿಗೆ ಎಷ್ಟು ರೋಗಾಣು ಸಾಯುತ್ತವೆ ಎಂಬ ವಿಚಾರ ತಲೆಗೆ ಹೊಕ್ಕಿತು. ಅದಕ್ಕೂ ಒಂದು ಇಳಿಮುಖದ ಗೆರೆ ಇರಲೇಬೇಕು. ಗೆರೆಯ ಕೊನೆ ಕಾಣುವಷ್ಟರಲ್ಲಿ ಪಾತ್ರೆಯ ನೀರೆಲ್ಲ ಇಂಗಿ ಸಿರಿಂಜು ಟಪ್ಪೆಂದು ಎರಡಾಯಿತು.

ಅತ್ತೆಯವರು ಒಳಗಿನಿಂದ ಬಂದು ಪಾತ್ರೆ ಇಳಿಸಿದರು. ಗಾಜಿನ ಚೂರುಗಳನ್ನು ಕಾಗದದಲ್ಲಿ ಕಟ್ಟಿಟ್ಟರು. ಇನ್ನೊಂದು ಸಿರಿಂಜು ತೊಳೆದು ತಾವೇ ಕುದಿಯಲಿಟ್ಟರು.

"ನೀವು ಹೊರಗ ಕುಂತ್ಕೋರಿ ಅಳಿಯಾರ. ಚಹಾ ಕೊಡ್ತೇನಿ. ಸಕ್ರಿ ಎಷ್ಟ ಹಾಕ್ಲಿ?"

"ನೀವು ಹಾಕಿದಷ್ಟು" ಎಂದು, ಹೊರಗೆ ಹೋಗಿ ಕುಳಿತೆ.